ಬಾಟಲಿಯ ತಳದ ಕಿತ್ತಳೆ ಕಲೆ

ನನ್ನ ಸೈಕಲ್ ಬಾಟಲಿಯ ತಳದಲ್ಲಿ ಇವತ್ತಿಗೂ ಒಂದು ಕಿತ್ತಳೆ ಬಣ್ಣದ ಕಲೆ ಇದೆ. ಎಷ್ಟು ತಿಕ್ಕಿದರೂ ಹೋಗಲಿಲ್ಲ. ಎರಡು ತಿಂಗಳು ದಿನಾ 1000 ಮಿಲಿಗ್ರಾಂ ವಿಟಮಿನ್ ಸಿ ಮಾತ್ರೆಯನ್ನು ಅದರಲ್ಲೇ ಬುಸ್ ಅಂತ ಕರಗಿಸಿ ಕುಡಿದಿದ್ದೆ.

200 ಕಿಲೋಮೀಟರ್ ಬ್ರೆವೆಗೆ, ಅಂದ್ರೆ ಗಡುವಿನೊಳಗೆ ಮುಗಿಸುವ ದೂರದ ಸೈಕಲ್ ಸವಾರಿಗೆ, ಹೆಸರು ಕೊಟ್ಟಿದ್ದೆ. ಹದಿಮೂರೂವರೆ ಗಂಟೆಯೊಳಗೆ ಮುಗಿಸಬೇಕು. ಮೈಸೂರಿನವನಿಗೆ ಅಭ್ಯಾಸ ಅಂದ್ರೆ ಚಾಮುಂಡಿ ಬೆಟ್ಟ ತಾನೇ? ಭಾನುವಾರ ಮೂರು ಸಲ ಹತ್ತಿ ಇಳಿಯುತ್ತಿದ್ದೆ. ಸೋಮವಾರ ಬ್ಯಾಂಕಿನ ಮೆಟ್ಟಿಲು ಇಳಿಯುವಾಗ ತೊಡೆ ಹಿಡಿದುಕೊಳ್ಳುತ್ತಿತ್ತು. "ಫ್ರೀ ರಾಡಿಕಲ್ ಜಾಸ್ತಿ ಆಗಿದೆ ಸರ್, ಆಂಟಿಆಕ್ಸಿಡೆಂಟ್ ತಗೊಳ್ಳಿ" ಅಂದರು ಜೊತೆಗೆ ಬರುವವರೊಬ್ಬರು. ಫ್ರೀ ರಾಡಿಕಲ್ ಅಂದ್ರೆ ಮೈಯಲ್ಲಿ ಹುಟ್ಟಿ ಜೀವಕೋಶ ಕೆಡಿಸಬಲ್ಲ ಚುರುಕು ಕಣಗಳು, ಅವನ್ನು ತಣಿಸೋದು ಆಂಟಿಆಕ್ಸಿಡೆಂಟ್, ವಿಟಮಿನ್ ಸಿ ಅದರಲ್ಲೊಂದು. ತಗೊಂಡೆ.

ತೊಡೆ ನೋವು ಹಾಗೇ ಇತ್ತು. ಬೆಟ್ಟದ ಟೈಮಿಂಗ್ 34 ನಿಮಿಷ ಬಿಟ್ಟು ಕದಲಲಿಲ್ಲ. (ಅದೇ ಹೊತ್ತಿಗೆ ಅಕ್ಕನ ಮಗಳ ಮದುವೆ ಬಂದು ಹೋಳಿಗೆ ಎಷ್ಟು ಇಳಿಸಿದೆ ಅಂತ ಲೆಕ್ಕ ಇಟ್ಟಿಲ್ಲ. ಹಾಗಾಗಿ ತಪ್ಪು ಪೂರ್ತಿ ಮಾತ್ರೆಯದ್ದೇ ಅನ್ನಲಾರೆ.)

ಆಮೇಲೆ ಕೂತು ಓದಿದೆ. 2008ರಲ್ಲಿ ಸ್ಪೇನಿನವರು ಇಲಿಗಳನ್ನು ಓಡಿಸಿ ನೋಡಿದ್ದರು. ಬರೀ ಅಭ್ಯಾಸ ಮಾಡಿದ ಇಲಿಗಳು ದಣಿಯದೆ ಓಡುವ ಹೊತ್ತು ಸುಮಾರು 187% ಏರಿತು. ಜೊತೆಗೆ ವಿಟಮಿನ್ ಸಿ ತಿಂದವು? ಸುಮಾರು 27%, ಅಷ್ಟೇ. ಕಾರಣ ಕೇಳಿ ನನಗೆ ನಗು ಬಂತು. ಗಟ್ಟಿಯಾಗಿ ತುಳಿದಾಗ ಸ್ನಾಯುವಿನಲ್ಲಿ ಹುಟ್ಟುವ ಆ ಫ್ರೀ ರಾಡಿಕಲ್‌ಗಳೇ "ಇಲ್ಲಿ ಕೆಲಸ ಹೆಚ್ಚಾಗಿದೆ, ಇನ್ನಷ್ಟು ಮೈಟೋಕಾಂಡ್ರಿಯ ಬೇಕು" ಅಂತ ಜೀವಕೋಶಕ್ಕೆ ಸುದ್ದಿ ಮುಟ್ಟಿಸುತ್ತವಂತೆ. ಮೈಟೋಕಾಂಡ್ರಿಯ ಅಂದ್ರೆ ಜೀವಕೋಶದೊಳಗೆ ಶಕ್ತಿ ತಯಾರಿಸುವ ಪುಟ್ಟ ಒಲೆಗಳು. ನಾನು ಬೆವರು ಸುರಿಸಿ ಕಾಗದ ಬರೆಯೋದು, ಆಮೇಲೆ ದುಡ್ಡು ಕೊಟ್ಟು ಅಂಚೆಯವನನ್ನು ದಾರಿಯಲ್ಲೇ ತಡೆಯೋದು!

ಆದರೆ ಇಲಿ ಇಲಿಯೇ. ಮನುಷ್ಯರ ಕಥೆ ಅಷ್ಟು ಸಲೀಸಲ್ಲ. ಡೆನ್ಮಾರ್ಕಿನವರು 12 ವಾರ ಜನರಿಂದ ಸೈಕಲ್ ತುಳಿಸಿದರು, ವಿಟಮಿನ್ ಸಿ, ಇ ಕೊಟ್ಟವರಿಗೂ ಕೊಡದವರಿಗೂ ಫರಕು ಕಾಣಲಿಲ್ಲ. 2014ರಲ್ಲಿ ನಾರ್ವೆಯವರು 54 ಜನರ ಮೇಲೆ 11 ವಾರ ನೋಡಿದರು. ಸ್ನಾಯುವಿನೊಳಗೆ ಮೈಟೋಕಾಂಡ್ರಿಯದ ಒಂದು ಪ್ರೋಟೀನ್ ಏರಿದ್ದು ಬರೀ ವಿಟಮಿನ್ ಇಲ್ಲದ ಸುಳ್ಳು ಮಾತ್ರೆ ತಿಂದವರಲ್ಲಿ. ಓಟದಲ್ಲಿ ಮಾತ್ರ ಎರಡೂ ಗುಂಪು ಸಮಸಮ. ಅಂದ್ರೆ ಹಾಳು ಮಾಡುತ್ತೆ ಅಂತ ಬೊಬ್ಬೆ ಹಾಕೋಕೂ ಆಗಲ್ಲ. ಲಾಭವಂತೂ ನನಗೆ ಎಲ್ಲೂ ಸಿಗಲಿಲ್ಲ. ವರ್ಷಗಟ್ಟಲೆ ತುಳಿದವರ ಮೈ ತನ್ನದೇ ಆಂಟಿಆಕ್ಸಿಡೆಂಟ್ ಕಾವಲನ್ನು ಬಲ ಮಾಡಿಕೊಂಡಿರುತ್ತದೆ, ಅಲ್ವಾ?

ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಲೆಕ್ಕದಲ್ಲಿ ಗಂಡಸಿಗೆ ದಿನಕ್ಕೆ ಬೇಕಾದ ವಿಟಮಿನ್ ಸಿ 80 ಮಿಲಿಗ್ರಾಂ. ಒಂದು ಸೀಬೆಹಣ್ಣಿನಲ್ಲಿ ಅದಕ್ಕಿಂತ ಜಾಸ್ತಿ ಇರುತ್ತದೆ. ಈಗ ಬೆಟ್ಟ ಇಳಿದ ಮೇಲೆ ಗಾಡಿಯವಳ ಹತ್ತಿರ ಉಪ್ಪು ಖಾರ ಹಚ್ಚಿಸಿಕೊಂಡು ಒಂದು ತಿನ್ನುತ್ತೇನೆ. ಔಷಧಿ ಅಂತ ಅಲ್ಲ, ಸುಮ್ನೆ ಆಸೆಗೆ.

ಬ್ರೆವೆ 11 ಗಂಟೆ 50 ನಿಮಿಷಕ್ಕೆ ಮುಗಿಯಿತು. ಮಾತ್ರೆಯ ಖಾಲಿ ಟ್ಯೂಬು ಸೀಟಿನ ಕೆಳಗಿನ ಚೀಲದಲ್ಲಿದೆ, ಪಂಕ್ಚರ್ ಪ್ಯಾಚ್ ಇಡಲು ಅಳತೆ ತೆಗೆದ ಹಾಗಿದೆ. ಮುಚ್ಚಳ ತೆಗೆದರೆ ರಬ್ಬರಿಗೂ ಕಿತ್ತಳೆ ವಾಸನೆ.