ಖಾಲಿ ಚೌಕಗಳ ನೋಟ್‌ಬುಕ್: ಕಾಮಿಕ್ಸ್‌ನಲ್ಲಿ ಹೊತ್ತು ಸರಿಯುವ ಬಗೆ

ಕಾಮಿಕ್ಸ್ ಓದುವ ನಾವು ಕೆಲವು ಗೆಳೆಯರು ಒಂದು ಕೆಲಸ ಹಚ್ಚಿಕೊಂಡಿದ್ದೇವೆ. ಪುಸ್ತಕ ಓದಿ ಮುಗಿಸಿದ ಮೇಲೆ ಮನಸ್ಸಿಗೆ ಹಿಡಿಸಿದ ಪುಟಗಳನ್ನು ನೋಟ್‌ಬುಕ್ಕಿಗೆ ಇಳಿಸುತ್ತೇವೆ. ಚಿತ್ರ ಬಿಡಿಸುವುದಿಲ್ಲ, ಮಾತು ಬರೆಯುವುದಿಲ್ಲ. ಬರೀ ಚೌಕಗಳು. ಪುಟದಲ್ಲಿ ಎಷ್ಟು ಪ್ಯಾನೆಲ್ (ಅಂದರೆ ಒಂದೊಂದು ಚಿತ್ರದ ಚೌಕ) ಇವೆ, ಯಾವುದು ದೊಡ್ಡದು, ಯಾವುದು ಸಣ್ಣದು, ಎಲ್ಲಿ ಗೆರೆಯೇ ಇಲ್ಲ, ಅಷ್ಟೇ. ಚಿತ್ರ ಬಿಡಿಸಲು ಬಾರದವರೂ ಮಾಡಬಹುದು. ಆಮೇಲೆ ಆ ಖಾಲಿ ಚೌಕಗಳನ್ನು ಮುಂದಿಟ್ಟುಕೊಂಡು ಮಾತಾಡುತ್ತೇವೆ.

ಯಾಕೆ ಅಂದ್ರೆ, ಮೊದಲೆಲ್ಲ ನಮ್ಮ ಮಾತು ಬರೀ ಕಥೆಯ ಸುತ್ತ ಇರುತ್ತಿತ್ತು. ನಾಯಕ ಹೇಗಿದ್ದ, ಕೊನೆಯಲ್ಲಿ ಏನಾಯಿತು, ಯಾರು ಸತ್ತರು. ಅದೇ ಮಾತನ್ನು ಕಾದಂಬರಿಯ ಬಗ್ಗೆಯೂ ಆಡಬಹುದು, ಸಿನಿಮಾದ ಬಗ್ಗೆಯೂ ಆಡಬಹುದು ಅಲ್ವಾ? ಕಾಮಿಕ್ಸ್‌ಗೆ ಮಾತ್ರ ಸಾಧ್ಯವಾಗುವುದು ಏನು? ನನಗೆ ಕಂಡ ಉತ್ತರ, ಹೊತ್ತು. ಸಿನಿಮಾದಲ್ಲಿ ಒಂದು ಗಳಿಗೆ ಬಂದು ಹೋಗಿಬಿಡುತ್ತದೆ. ಕಾಮಿಕ್ಸ್‌ನಲ್ಲಿ ಆಗಿಹೋದ ಗಳಿಗೆ, ಈಗಿನ ಗಳಿಗೆ, ಆಗಲಿರುವ ಗಳಿಗೆ ಮೂರೂ ಒಂದೇ ಪುಟದ ಮೇಲೆ ಅಕ್ಕಪಕ್ಕ ಕೂತಿರುತ್ತವೆ. ಹಾಗಾಗಿ ಈ ಸಲದ ಓದಿಗೆ ಒಂದೇ ಪ್ರಶ್ನೆ ಇಟ್ಟುಕೊಂಡೆವು. ಈ ಪುಸ್ತಕ ಹೊತ್ತನ್ನು ಹೇಗೆ ಬಳಸುತ್ತದೆ?

ವಾಚ್‌ಮೆನ್, ಮುಗಿಯಿತು

ಸೂಪರ್‌ಹೀರೋಗಳ ಕಾಮಿಕ್ಸ್ ಇದು. ಕಥೆ ಅಲನ್ ಮೂರ್, ಚಿತ್ರ ಡೇವ್ ಗಿಬನ್ಸ್, ಬಣ್ಣ ಜಾನ್ ಹಿಗಿನ್ಸ್. 1986-87ರಲ್ಲಿ 12 ಸಂಚಿಕೆಗಳಾಗಿ ಬಂದದ್ದು. ನಮ್ಮ ಚೌಕದ ಕೆಲಸಕ್ಕೆ ಹೇಳಿ ಮಾಡಿಸಿದಂಥ ಪುಸ್ತಕ. ಪುಟಕ್ಕೆ ಮೂರು ಸಾಲು, ಸಾಲಿಗೆ ಮೂರು ಚೌಕ, ಒಟ್ಟು ಒಂಬತ್ತು. ಇಡೀ ಪುಸ್ತಕ ಈ ಲೆಕ್ಕದ ಮೇಲೇ ನಿಂತಿದೆ. ಬೇಕಾದಾಗ ಎರಡು ಚೌಕ ಸೇರಿ ಒಂದಾಗುತ್ತವೆ, ಕೆಲವೊಮ್ಮೆ ಇಡೀ ಸಾಲೇ ಒಂದು ಚಿತ್ರ. ಆದರೂ ಒಂಬತ್ತರ ತಾಳ ತಪ್ಪುವುದಿಲ್ಲ.

ಮೊದಲ ಪುಟವನ್ನೇ ನೋಡಿ. ರಸ್ತೆ ಬದಿಯ ಚರಂಡಿಯಲ್ಲಿ ರಕ್ತ ಅಂಟಿದ ಹಳದಿ ನಗುಮುಖದ ಬಿಲ್ಲೆ. ಅಲ್ಲಿಂದ ಆರು ಸಮ ಚೌಕಗಳಲ್ಲಿ ನೋಟ ಮೇಲೆ ಮೇಲೆ ಏರುತ್ತದೆ. ಕೊನೆಯ ಅಗಲವಾದ ಚಿತ್ರದಲ್ಲಿ ನಾವು ಎತ್ತರದ ಕಟ್ಟಡದ ಒಡೆದ ಕಿಟಕಿಯ ಹತ್ತಿರ ಇರುತ್ತೇವೆ, ಒಬ್ಬ ಕೆಳಗೆ ಬಗ್ಗಿ ನೋಡುತ್ತಿರುತ್ತಾನೆ. ಖಾಲಿ ಚೌಕ ಬರೆದಾಗ ಗೊತ್ತಾಗುವುದು ಏನೆಂದರೆ, ಆ ಆರು ಚೌಕಗಳ ಅಳತೆ ಒಂದೇ. ಎಲ್ಲೂ ಅವಸರ ಇಲ್ಲ, ಎಲ್ಲೂ ತಡ ಇಲ್ಲ. ಪುಸ್ತಕದ ತುಂಬ ಗಡಿಯಾರಗಳಿವೆ, ಪ್ರತಿ ಸಂಚಿಕೆಯ ಹಿಂಬದಿಯಲ್ಲಿ ಮುಳ್ಳು ಹನ್ನೆರಡರ ಕಡೆಗೆ ಸರಿಯುತ್ತಾ ಹೋಗುತ್ತದೆ. ಪುಟದ ಚೌಕಗಳೂ ಆ ಮುಳ್ಳಿನ ಜೊತೆಗೇ ನಡೆಯುತ್ತವೆ.

ಐದನೇ ಸಂಚಿಕೆಯನ್ನು ಎಲ್ಲರೂ ಹೊಗಳುತ್ತಾರೆ. ಅದು ಕನ್ನಡಿಯ ಹಾಗೆ ಜೋಡಿಸಿದ ಸಂಚಿಕೆ. ಒಟ್ಟು 28 ಪುಟ. ಮೊದಲ ಪುಟದ ಜೋಡಣೆಗೆ ಕೊನೆಯ ಪುಟ ಜೋಡಿ, ಎರಡನೆಯದಕ್ಕೆ ಕೊನೆಯಿಂದ ಎರಡನೆಯದು, ಹೀಗೆ ಒಳಗೆ ಬರುತ್ತಾ 14 ಮತ್ತು 15ನೇ ಪುಟಗಳು ನಟ್ಟನಡುವೆ ಎದುರುಬದುರಾಗುತ್ತವೆ. ನೋಟ್‌ಬುಕ್ಕಿನಲ್ಲಿ ಒಂದು ಕಡೆ ಮೊದಲರ್ಧ, ಇನ್ನೊಂದು ಕಡೆ ಕೊನೆಯರ್ಧ ಬರೆದು ನೋಡಿದರೆ ಕೈಗೇ ಗೊತ್ತಾಗುತ್ತದೆ. ಬಹಳ ದೊಡ್ಡ ಕೆಲಸ, ಅನುಮಾನ ಇಲ್ಲ.

ಆದರೆ ನನ್ನ ಮತ ನಾಲ್ಕನೇ ಸಂಚಿಕೆಗೆ. ಮಂಗಳ ಗ್ರಹದ ಮೇಲೆ ಅತಿಮಾನುಷ ಶಕ್ತಿಯ ಡಾಕ್ಟರ್ ಮ್ಯಾನ್‌ಹಟನ್ ಒಬ್ಬನೇ ಇದ್ದಾನೆ. ಅವನಿಗೆ ಹಿಂದಿನದು ಮುಂದಿನದು ಎಲ್ಲ ಒಟ್ಟಿಗೇ ನಡೆಯುತ್ತಿರುತ್ತದೆ. ಅವನ ಕೈಯಲ್ಲಿ 1959ರ ಒಂದು ಹಳೆ ಫೋಟೊ. ಇನ್ನು 12 ಸೆಕೆಂಡಿಗೆ ಅದನ್ನು ಮರಳಿನ ಮೇಲೆ ಬಿಟ್ಟು ನಡೆಯುತ್ತಾನೆ, ಅದು ಅವನಿಗೆ ಈಗಲೇ ಗೊತ್ತು. ಒಂದು ಚೌಕದಲ್ಲಿ ಫೋಟೊ ಕೈಯಲ್ಲಿದೆ, ಮತ್ತೊಂದರಲ್ಲಿ ಮರಳ ಮೇಲೆ ಬಿದ್ದಿದೆ, ಮತ್ತೆ ಕೈಯಲ್ಲಿದೆ. ಅವನು ಲೋಕವನ್ನು ನೋಡುವ ಬಗೆಯೂ ನಾವು ಕಾಮಿಕ್ಸ್ ಪುಟವನ್ನು ನೋಡುವ ಬಗೆಯೂ ಒಂದೇ! ನಾವೂ ಮುಂದಿನ ಚೌಕವನ್ನು ಓರೆಗಣ್ಣಿನಿಂದ ನೋಡಿಯೇ ಇರುತ್ತೇವೆ. ಐದನೆಯದು ಕೌಶಲ್ಯಕ್ಕೆ ತಲೆದೂಗಿಸುತ್ತದೆ. ನಾಲ್ಕನೆಯದು ಆ ಮನುಷ್ಯನ ಒಂಟಿತನವನ್ನು ನಮ್ಮ ಕಣ್ಣಿಗೇ ಅಂಟಿಸಿಬಿಡುತ್ತದೆ. ಗೆಳೆಯರಲ್ಲಿ ಒಬ್ಬರು ಇದನ್ನು ಒಪ್ಪುವುದಿಲ್ಲ. "ಕನ್ನಡಿ ಸಂಚಿಕೆಯಲ್ಲಿ ಬಲೆ ಬಿಗಿಯುವುದು ಕಾಣಿಸುತ್ತೆ, ನಾಲ್ಕರಲ್ಲಿ ಅವನು ಸುಮ್ನೆ ಮಾತಾಡ್ತಾನೆ ಇರ್ತಾನೆ" ಅನ್ನುತ್ತಾರೆ. ಮಾತು ಜಾಸ್ತಿ ಅನ್ನುವುದು ನಿಜ. ಆದರೆ ಮಾತು ಮುಚ್ಚಿಕೊಂಡು ಬರೀ ಚಿತ್ರ ನೋಡಿದರೂ ಆ ಸಂಚಿಕೆ ನಿಲ್ಲುತ್ತದೆ. ನಾನು ಹಾಗೇ ಓದಿದ್ದೇನೆ.

ಇಲ್ಲೇ ಒಂದು ಮಾತು. ಫೋನಿನಲ್ಲಿ ಓದುವಾಗ ಒಂದೊಂದೇ ಪ್ಯಾನೆಲ್ ದೊಡ್ಡದಾಗಿ ತೋರಿಸುವ ಸೌಲಭ್ಯ ಇರುತ್ತದಲ್ಲ, ಮೊದಲ ಓದಿಗೆ ಅದನ್ನು ದಯವಿಟ್ಟು ಬಳಸಬೇಡಿ. ಅಕ್ಷರ ಚೆನ್ನಾಗಿ ಕಾಣುತ್ತದೆ, ಸರಿ. ಆದರೆ ಪುಟವೇ ಇಲ್ಲದಂತಾಗುತ್ತದೆ. ಎಲ್ಲ ಚೌಕಗಳೂ ಒಂದೇ ಅಳತೆಗೆ ಬರುತ್ತವೆ, ಯಾವುದು ದೊಡ್ಡದಿತ್ತು ಯಾವುದು ಚಿಕ್ಕದಿತ್ತು ಗೊತ್ತಾಗುವುದಿಲ್ಲ. ಮೊದಲು ಪುಟ ಪೂರ್ತಿ ನೋಡಿ, ಆಮೇಲೆ ಬೇಕಾದರೆ ಹತ್ತಿರ ಹೋಗಿ.

ಹಿಯರ್, ಎರಡನೇ ಓದು ನಡೆಯುತ್ತಿದೆ

ರಿಚರ್ಡ್ ಮೆಕ್‌ಗ್ವಾಯರ್ ಅವರ ಈ ಕೃತಿ ಮೊದಲು ಬಂದದ್ದು 1989ರಲ್ಲಿ, 'ರಾ' ಎಂಬ ಅಮೆರಿಕದ ಕಾಮಿಕ್ಸ್ ಪತ್ರಿಕೆಯಲ್ಲಿ, ಕಪ್ಪು ಬಿಳುಪಿನ ಆರೇ ಪುಟಗಳಲ್ಲಿ. ಅದನ್ನೇ ಬೆಳೆಸಿ 2014ರಲ್ಲಿ ಸುಮಾರು 300 ಪುಟಗಳ ಬಣ್ಣದ ಪುಸ್ತಕ ಮಾಡಿದರು. ಇಡೀ ಪುಸ್ತಕದಲ್ಲಿ ಒಂದೇ ಜಾಗ, ಒಂದು ಕೋಣೆಯ ಮೂಲೆ. ಪುಸ್ತಕ ಬಿಚ್ಚಿದಾಗ ಎರಡು ಪುಟ ಸೇರುವ ಮಡಿಕೆ ಇರುತ್ತದಲ್ಲ, ಆ ಗೋಡೆಯ ಮೂಲೆ ಸರಿಯಾಗಿ ಅದರ ಮೇಲೇ ಬರುತ್ತದೆ. ಎಡ ಪುಟ ಒಂದು ಗೋಡೆ, ಬಲ ಪುಟ ಇನ್ನೊಂದು ಗೋಡೆ. ಪುಸ್ತಕ ಹಿಡಿದವರು ಆ ಕೋಣೆಯ ಒಳಗೇ ಕೂತಂತೆ.

ಬದಲಾಗುವುದು ವರ್ಷ ಮಾತ್ರ. ದೊಡ್ಡ ಚಿತ್ರದ ಮೂಲೆಯಲ್ಲಿ ಒಂದು ವರ್ಷ ಬರೆದಿರುತ್ತದೆ. ಅದರೊಳಗೆ ಸಣ್ಣ ಸಣ್ಣ ಚೌಕಗಳು ಕಿಟಕಿ ತೆರೆದಂತೆ ತೆರೆದುಕೊಳ್ಳುತ್ತವೆ, ಅವುಗಳಲ್ಲಿ ಬೇರೆ ಬೇರೆ ವರ್ಷ. ಸೋಫಾ ಇದ್ದ ಕಡೆ ಕಾಡು, ಕಾಡಿದ್ದ ಕಡೆ ಮಗುವಿನ ತೊಟ್ಟಿಲು. ಮನೆ ಕಟ್ಟುವುದಕ್ಕೆ ಮೊದಲು, ಮನುಷ್ಯ ಹುಟ್ಟುವುದಕ್ಕೆ ಮೊದಲು, ಕ್ರಿ.ಪೂ. 300 ಕೋಟಿ ವರ್ಷದಷ್ಟು ಹಿಂದಕ್ಕೂ ಹೋಗುತ್ತದೆ. ಮುಂದಕ್ಕೆ ಕ್ರಿ.ಶ. 22,175ರವರೆಗೆ.

ಇದರ ಖಾಲಿ ಚೌಕ ಬರೆಯುವುದು ನಿಜಕ್ಕೂ ಕಷ್ಟ. ವಾಚ್‌ಮೆನ್‌ನಲ್ಲಿ ಎಡದಿಂದ ಬಲಕ್ಕೆ ಹೋದರೆ ಹೊತ್ತು ಮುಂದಕ್ಕೆ ಹೋಗುತ್ತದೆ. ಇಲ್ಲಿ ಚೌಕದೊಳಗೆ ಚೌಕ, ಯಾವುದು ಮೊದಲು ಅಂತ ಹೇಳುವವರಿಲ್ಲ. ಕೊನೆಗೆ ನಾನು ಚೌಕದ ಜೊತೆಗೆ ವರ್ಷವನ್ನೂ ಬರೆದುಕೊಳ್ಳುತ್ತಾ ಹೋದೆ. ಆಗ ಒಂದು ವಿಷಯ ಕಂಡಿತು. ಒಂದು ವರ್ಷದಲ್ಲಿ ಶುರುವಾದ ಸಣ್ಣ ಘಟನೆ ಒಂದೇ ಕಡೆ ಮುಗಿಯುವುದಿಲ್ಲ. ಪುಟ ತಿರುವಿದಾಗ ಸ್ವಲ್ಪ, ಇನ್ನೊಂದು ಕಾಲದ ಮೇಲೆ ತೇಲಿ ಬಂದಂತೆ ಇನ್ನು ಸ್ವಲ್ಪ. ಕಥೆ ಅನ್ನುವುದು ಈ ತುಂಡುಗಳ ನಡುವೆ ಓದುವವರ ತಲೆಯಲ್ಲಿ ಕೂಡಿಕೊಳ್ಳುತ್ತದೆ.

"ಕಥೆಯೇ ಇಲ್ಲ, ಯಾರ ಹೆಸರೂ ನೆನಪಲ್ಲಿ ಉಳಿಯಲ್ಲ, ಹೇಗೆ ಇಷ್ಟಪಡೋದು?" ಇದು ಗೆಳತಿಯ ಪ್ರಶ್ನೆ. ನ್ಯಾಯವಾದ ಪ್ರಶ್ನೆಯೇ. ನನ್ನ ಉತ್ತರ ಇಷ್ಟು. ನಾವು ಇರುವ ಜಾಗಕ್ಕೆ ನಮ್ಮ ಹೆಸರು ಗೊತ್ತಿಲ್ಲ. ಆ ಕೋಣೆಯ ಕಣ್ಣಿನಿಂದ ನೋಡಿದರೆ ಹೆಸರುಗಳು ಬೇಕಾಗುವುದಿಲ್ಲ, ಯಾರೋ ನಕ್ಕರು, ಯಾರೋ ಬಿದ್ದರು, ಯಾರೋ ಹೋದರು. ಈ ಪುಸ್ತಕ ನನಗೆ ಅಳು ತರಿಸಿದ್ದು ಅದಕ್ಕೇ. ಅವಳು ಇನ್ನೂ ಒಪ್ಪಿಲ್ಲ, ಆದರೆ ಎರಡನೇ ಓದಿಗೆ ಜೊತೆಯಾಗಿದ್ದಾಳೆ.

ಅದೇ 'ರಾ' ಪತ್ರಿಕೆಯಲ್ಲಿ ಬಂದ ಇನ್ನೊಂದು ಕೃತಿ ಆರ್ಟ್ ಸ್ಪೀಗಲ್‌ಮನ್ ಅವರ ಮೌಸ್, ನಾಜಿಗಳ ಕೈಯಿಂದ ತಮ್ಮ ಅಪ್ಪ ಅಮ್ಮ ಬದುಕುಳಿದ ಕಥೆ. 1992ರಲ್ಲಿ ಇದಕ್ಕೆ ಪುಲಿಟ್ಜರ್‌ನ ವಿಶೇಷ ಪ್ರಶಸ್ತಿ ಬಂತು. ಯಹೂದಿಗಳು ಇಲಿಗಳು, ನಾಜಿಗಳು ಬೆಕ್ಕುಗಳು ಅನ್ನುವುದು ಓದದವರಿಗೂ ಗೊತ್ತು. ನಾನು ಹೇಳಬೇಕೆಂದಿರುವುದು ಎರಡು ಪುಟಗಳ ಬಗ್ಗೆ ಮಾತ್ರ.

ಒಂದು, ಅಪ್ಪ ಅಮ್ಮ ತಲೆಮರೆಸಿಕೊಂಡು ನಡೆಯುತ್ತಿರುವ ಪುಟ. ಅವರಿಗೆ ಹೋಗಲು ಜಾಗವೇ ಇಲ್ಲ. ಮುಂದಿರುವ ಕವಲು ದಾರಿಗಳೇ ಸ್ವಸ್ತಿಕದ ಆಕಾರದಲ್ಲಿವೆ. ಯಾವ ದಾರಿ ಹಿಡಿದರೂ ಅದೇ ಗುರುತಿನ ಒಳಗೆ. ಬೇಗ ಬೇಗ ಮಾತು ಓದಿಕೊಂಡು ಹೋದರೆ ಇದು ಕಣ್ಣಿಗೆ ಬೀಳುವುದೇ ಇಲ್ಲ.

ಇನ್ನೊಂದು ಎರಡನೇ ಭಾಗದ್ದು. ಸ್ಪೀಗಲ್‌ಮನ್ ಇಲಿಯ ಮುಖವಾಡ ಕಟ್ಟಿಕೊಂಡು ತಮ್ಮ ಚಿತ್ರದ ಮೇಜಿನ ಮುಂದೆ ಕೂತಿದ್ದಾರೆ. ಸುತ್ತ ನೊಣ ಹಾರುತ್ತಿವೆ. ಅಪ್ಪ 1982ರಲ್ಲಿ ತೀರಿಕೊಂಡರು, ಈ ಪುಟ ಶುರು ಮಾಡಿದ್ದು 1987ರಲ್ಲಿ, ಅಪ್ಪ ನಾಜಿಗಳ ಸಾವಿನ ಶಿಬಿರ ಆಶ್ವಿಟ್ಜ್‌ನಲ್ಲಿ ತಗಡಿನ ಕೆಲಸ ಮಾಡುತ್ತಿದ್ದದ್ದು 1944ರಲ್ಲಿ, ಹೀಗೆ ತಾರೀಖುಗಳನ್ನು ಒಂದರ ಪಕ್ಕ ಒಂದು ಇಡುತ್ತಾ ಹೋಗುತ್ತಾರೆ. ಸಾಲು ಸಾಲಾಗಿ ಸಣ್ಣ ಚೌಕಗಳು, ಆಮೇಲೆ ಕೆಳಗೆ ದೊಡ್ಡ ಚಿತ್ರ. ಮೇಜಿನ ಬುಡದಲ್ಲಿ ಹೆಣಗಳ ರಾಶಿ. ನೊಣ ಯಾಕಿದ್ದವು ಅನ್ನುವುದು ಆಗ ತಿಳಿಯುತ್ತದೆ. ನೋಟ್‌ಬುಕ್ಕಿನಲ್ಲಿ ಆ ಪುಟದ ಖಾಲಿ ಚೌಕ ಬರೆದು ಕೆಳಗಿನ ದೊಡ್ಡ ಜಾಗಕ್ಕೆ ಬಂದಾಗ ಪೆನ್ಸಿಲ್ ನಿಂತುಬಿಟ್ಟಿತು. ಹಿಯರ್ ಸಾವಿರಾರು ವರ್ಷಗಳನ್ನು ಒಂದು ಕೋಣೆಯಲ್ಲಿ ಇಟ್ಟರೆ, ಇಲ್ಲಿ 43 ವರ್ಷಗಳು ಒಂದು ಮೇಜಿನ ಕೆಳಗೆ ಬಿದ್ದಿವೆ.

ಶಾನ್ ಟಾನ್ ಅವರ ದಿ ಅರೈವಲ್ (2006) ಒಂದೇ ಕೂತಿಕೆಯಲ್ಲಿ ಮುಗಿಯಿತು, ಯಾಕೆಂದರೆ ಅದರಲ್ಲಿ ಮಾತೇ ಇಲ್ಲ. ಪೆನ್ಸಿಲ್‌ನಲ್ಲಿ ಬರೆದ, ಹಳೆ ಫೋಟೊಗಳಂತೆ ಕಾಣುವ ಚಿತ್ರಗಳು. ಒಬ್ಬ ಮನುಷ್ಯ ಹೆಂಡತಿ ಮಗಳನ್ನು ಬಿಟ್ಟು ಗೊತ್ತಿಲ್ಲದ ದೇಶಕ್ಕೆ ಹೋಗುತ್ತಾನೆ. ಹಡಗಿನ ಪ್ರಯಾಣ ಎಷ್ಟು ದಿನ ಅಂತ ಬರೆದಿಲ್ಲ. ಅದರ ಬದಲು ಎರಡು ಪುಟದ ತುಂಬ ಚಿಕ್ಕ ಚಿಕ್ಕ ಚೌಕಗಳಲ್ಲಿ ಬರೀ ಮೋಡಗಳು, ಒಂದರಂತೆ ಒಂದಿಲ್ಲ. ಅಷ್ಟೂ ಮೋಡಗಳನ್ನು ಒಂದೊಂದಾಗಿ ನೋಡಿ ಮುಗಿಸುವ ಹೊತ್ತಿಗೆ ಸಮುದ್ರದ ಮೇಲೆ ದಿನಗಳು ಕಳೆದದ್ದು ಮೈಗೆ ತಿಳಿಯುತ್ತದೆ. ಮೊದಲ ಪುಟದ ಕಾಗದದ ಹಕ್ಕಿ, ಗಡಿಯಾರ, ಟೋಪಿ, ಬಿರುಕುಬಿಟ್ಟ ಟೀ ಪಾತ್ರೆ, ಇವುಗಳ ಚೌಕಗಳನ್ನು ಬರೆದಿಟ್ಟುಕೊಳ್ಳಿ. ಕೊನೆಗೆ ಬಂದಾಗ ಹೋಲಿಸಿ ನೋಡಲು ಬೇಕಾಗುತ್ತದೆ. ಆ ದೇಶದ ಲಿಪಿಯನ್ನೂ ಟಾನ್ ಅವರೇ ಕಟ್ಟಿದ್ದಾರೆ, ಅಲ್ಲಿನ ಬೋರ್ಡುಗಳು ಅವನಿಗೂ ಓದಲು ಬರುವುದಿಲ್ಲ, ನಮಗೂ ಬರುವುದಿಲ್ಲ. ಈ ಪಟ್ಟಿಯಲ್ಲಿ ಮಕ್ಕಳಿಗೆ, ದೊಡ್ಡವರಿಗೆ, ಕಾಮಿಕ್ಸ್ ಓದಿ ಅಭ್ಯಾಸ ಇಲ್ಲದವರಿಗೆ, ಎಲ್ಲರಿಗೂ ನಾನು ಕೊಡುವ ಪುಸ್ತಕ ಇದು.

ಸ್ಲ್ಯಾಮ್ ಡಂಕ್, ಕೊನೆಗೂ 31ನೇ ಸಂಪುಟ

ತಕೆಹಿಕೊ ಇನೊವೆ ಅವರ ಬ್ಯಾಸ್ಕೆಟ್‌ಬಾಲ್ ಮಾಂಗಾ (ಜಪಾನಿ ಕಾಮಿಕ್ಸ್, ಬಲದಿಂದ ಎಡಕ್ಕೆ ಓದುವಂಥದ್ದು), 1990ರಿಂದ 1996ರವರೆಗೆ ಜಪಾನಿನ ವಾರಪತ್ರಿಕೆಯೊಂದರಲ್ಲಿ ಧಾರಾವಾಹಿಯಾಗಿ ಬಂದದ್ದು. ಮೊದಲ ಸಂಪುಟಗಳಲ್ಲಿ ಜಗಳ, ತಮಾಷೆ ಜಾಸ್ತಿ. ಅಲ್ಲೇ ಬಿಟ್ಟವರು ಬಹಳ ಜನ. ಬಿಡಬೇಡಿ, ಮುಂದೆ ಹೋಗಿ.

ಕೊನೆಯ ಪಂದ್ಯದ ಕೊನೆಯ ಸೆಕೆಂಡುಗಳಿಗೆ ಬಂದಾಗ ಮಾತು ಹೆಚ್ಚುಕಡಿಮೆ ನಿಂತೇ ಹೋಗುತ್ತದೆ. ಕೂಗಿಲ್ಲ, ಯೋಚನೆಯ ಬಲೂನ್ ಇಲ್ಲ. ಶೂ, ಬೆರಳು, ಬೆವರು, ಚೆಂಡು. ಒಂದು ಸೆಕೆಂಡಿಗೆ ಪುಟಗಟ್ಟಲೆ ಜಾಗ. ಆದರೂ ಕೈ ಪುಟ ತಿರುವುವ ವೇಗ ಜಾಸ್ತಿಯಾಗುತ್ತದೆ, ಓದಲು ಅಕ್ಷರ ಇಲ್ಲವಲ್ಲ! ಹೊತ್ತು ನಿಧಾನ, ಓದು ಜೋರು, ಎರಡೂ ಒಟ್ಟಿಗೆ. ಇದನ್ನು ಬೇರೆ ಯಾವ ಕಲೆಯಲ್ಲೂ ನಾನು ಕಂಡಿಲ್ಲ. ಇಲ್ಲಿ ಖಾಲಿ ಚೌಕ ಬರೆಯುವಾಗ ಬಲದಿಂದ ಎಡಕ್ಕೆ ಬರೆಯಬೇಕು, ಗೆರೆಗಳು ಓರೆಯಾಗಿವೆ, ಕೆಲವು ಕಡೆ ಚೌಕವೇ ಇಲ್ಲ, ಎರಡು ಪುಟಕ್ಕೂ ಸೇರಿ ಒಂದೇ ಚಿತ್ರ. ಆ ಕೈ ಕೈ ಬಡಿಯುವ ಚಿತ್ರದ ಬಗ್ಗೆ ಇಲ್ಲಿ ಏನೂ ಹೇಳುವುದಿಲ್ಲ. ಓದದವರಿಗೆ ಅದು ಹಾಗೇ ಸಿಗಲಿ.

ಟಿಂಟಿನ್ ಇನ್ ಟಿಬೆಟ್ ಮತ್ತೆ ಓದಿದ್ದು ಗೆಳೆಯರ ಒತ್ತಾಯಕ್ಕೆ. ಟಿಂಟಿನ್‌ನ ಕರ್ತೃ ಎರ್ಜೆಯ ಬೇರೆ ಪುಸ್ತಕಗಳಿಗೆ ಹೋಲಿಸಿದರೆ ಇದರಲ್ಲಿ ಖಳನೇ ಇಲ್ಲ. ಕಾಣೆಯಾದ ಗೆಳೆಯ ಚಾಂಗ್ ಬದುಕಿದ್ದಾನೆ ಅನ್ನುವ ಟಿಂಟಿನ್‌ನ ನಂಬಿಕೆ ಇದೆ, ಹಿಮ ಇದೆ, ಅಷ್ಟೇ. ಆ ಚಾಂಗ್ ಪಾತ್ರಕ್ಕೆ ಮೂಲ ಎರ್ಜೆಯ ನಿಜ ಜೀವನದ ಗೆಳೆಯ ಜಾಂಗ್ ಚೊಂಗ್‌ರೆನ್. 1934ರಲ್ಲಿ ಪರಿಚಯವಾದ ಅವರಿಬ್ಬರು ಮತ್ತೆ ಮುಖ ನೋಡಿದ್ದು 1981ರಲ್ಲಿ. ಎರ್ಜೆ ಪುಟದ ಜೋಡಣೆಯಲ್ಲಿ ಆಟವಾಡುವವರಲ್ಲ, ಅಚ್ಚುಕಟ್ಟಾದ ಸಾಲುಗಳು. ಅದಕ್ಕೇ ಹೋಟೆಲಿನಲ್ಲಿ ಟಿಂಟಿನ್ ನಿದ್ದೆಗಣ್ಣಲ್ಲಿ "ಚಾಂಗ್!" ಎಂದು ಕಿರುಚಿದಾಗ ಬರುವ ದೊಡ್ಡ ಚಿತ್ರ ಅಷ್ಟು ಜೋರಾಗಿ ತಾಗುತ್ತದೆ. ಕೋಣೆಯಲ್ಲಿದ್ದವರೆಲ್ಲ ಬೆಚ್ಚಿಬಿದ್ದಿದ್ದಾರೆ, ಒಬ್ಬೊಬ್ಬರದೂ ಒಂದೊಂದು ಅವಸ್ಥೆ. ಕಿರುಚಿದ್ದು ಒಂದೇ ಕ್ಷಣ, ನಾವು ಆ ಚಿತ್ರದಲ್ಲಿ ಬಹಳ ಹೊತ್ತು ಉಳಿಯುತ್ತೇವೆ.

ಮುಂದಿನ ಸರದಿ ಒಸಾಮು ತೆಜುಕಾ ಅವರ ಬುದ್ಧ, ಇಂಗ್ಲಿಷಿನಲ್ಲಿ ಎಂಟು ಸಂಪುಟ. ತೆಜುಕಾ ಇದನ್ನು 1972ರಿಂದ 1983ರವರೆಗೆ ಬರೆದರು. ಗೆಳತಿ ಮೊದಲ ಸಂಪುಟ ಆಗಲೇ ಶುರು ಮಾಡಿದ್ದಾಳೆ, ಶುರುವಿನಲ್ಲೇ ಮೊಲ ಬೆಂಕಿಗೆ ಹಾರುವ ಕಥೆಯ ಪುಟಗಳ ಚೌಕಗಳನ್ನು ಬರೆದು ಕಳಿಸಿದ್ದಾಳೆ. ಚಿತ್ರ ನೋಡುವುದಕ್ಕೆ ಮೊದಲು ಬರೀ ಚೌಕ ನೋಡಿ ಅಲ್ಲಿ ಏನಾಗುತ್ತಿರಬಹುದು ಅಂತ ಊಹಿಸುವುದು ಈ ಸಲ ನನ್ನ ಪಾಲಿನ ಕೆಲಸ. ಬೇರೆ ಯಾರಾದರೂ ಓದಿದ್ದರೆ ನಿಮಗೆ ಹಿಡಿಸಿದ ಪುಟ ಯಾವುದು, ಅದರಲ್ಲಿ ಚೌಕಗಳು ಎಷ್ಟು, ಹೇಳಿ.