ಪುಸ್ತಕದೊಳಗೆ ಇಪ್ಪತ್ತು ನೋಟು

2016ರ ನವೆಂಬರ್. 500 ಮತ್ತು 1,000ದ ನೋಟು ಇನ್ನು ನಡೆಯುವುದಿಲ್ಲ ಎಂದು ಮಂಗಳವಾರ ರಾತ್ರಿ ಟಿವಿಯಲ್ಲಿ ಹೇಳಿ ನಾಲ್ಕು ದಿನ ಆಗಿತ್ತು. ನಾನಾಗ ಧಾರವಾಡದಲ್ಲಿ ಎಂ.ಎ. ಓದುತ್ತಿದ್ದೆ. ಸಪ್ತಾಪುರದಲ್ಲಿ ರೂಮು, ಹತ್ತಿರದ ಖಾನಾವಳಿಯಲ್ಲಿ ಊಟ.

ಆ ಶನಿವಾರ ಎಟಿಎಂ ಮುಂದೆ ಮೂರು ತಾಸು ಪಾಳಿ ಹಚ್ಚಿ ನಿಂತೆ. ಒಂದು ಕಾರ್ಡಿಗೆ ದಿನಕ್ಕೆ 2,000 ರೂಪಾಯಿ ಮಾತ್ರ. ಹೊಸ ನೋಟಿನ ಅಳತೆಗೆ ಯಂತ್ರಗಳನ್ನು ಇನ್ನೂ ಸರಿಪಡಿಸಿರಲಿಲ್ಲ, ಹಾಗಾಗಿ ಬಂದದ್ದೆಲ್ಲ ನೂರರ ನೋಟೇ. ಇಪ್ಪತ್ತು ನೋಟು. ಆ ದಿನಗಳನ್ನು ಕಂಡವರಿಗೆ ಗೊತ್ತು, ನೂರರ ನೋಟಿಗೆ ಆಗ ಎಂಥ ಬೆಲೆ ಇತ್ತು ಅಂತ. ಊರಲ್ಲಿ ಅಪ್ಪ ಮೆಕ್ಕೆಜೋಳ ಮಾರಿ ಖಾತೆಗೆ ಹಾಕಿದ ದುಡ್ಡು ಅದು. ಖಾನಾವಳಿಯ ಬಾಕಿ ಅದರಲ್ಲೇ ಕೊಡಬೇಕಿತ್ತು.

ಹಿಂದಿನ ಕಿಸೆಯಲ್ಲಿಟ್ಟರೆ ಯಾರಾದರೂ ಹೊಡೆದಾರು ಎಂದು ಪಾಕೀಟನ್ನು ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡೆ. ಸೂಪರ್ ಮಾರ್ಕೆಟ್ ದಾಟಿ ಬರುವಾಗ ಕತ್ತಲಾಗುತ್ತಿತ್ತು. ಕಾಯಿಪಲ್ಲೆ ಮಾರುವ ಅಜ್ಜಿಯೊಬ್ಬಳು, "ತಮ್ಮಾ, ಜರಾ ಕೈ ಹಚ್ಚೋ" ಅಂದಳು. ಬಗ್ಗಿ ಬುಟ್ಟಿ ಎತ್ತಿ ಅವಳ ತಲೆ ಮೇಲೆ ಇಟ್ಟೆ. ಒದ್ದೆ ಮೆಂತ್ಯಪಲ್ಲೆಯ ಬುಟ್ಟಿ, ತುಂಬಾ ಭಾರ ಇತ್ತು. ಮುಖವನ್ನೂ ಸರಿಯಾಗಿ ನೋಡದೆ ಬಂದುಬಿಟ್ಟೆ.

ಖಾನಾವಳಿಯಲ್ಲಿ ಕೈ ತೊಳೆದು ಕಿಸೆ ಮುಟ್ಟಿಕೊಂಡರೆ ಪಾಕೀಟಿಲ್ಲ.

ನಡೆದು ಬಂದ ದಾರಿಯನ್ನು ಮೊಬೈಲ್ ಟಾರ್ಚು ಹಿಡಿದು ಎರಡು ಸಲ ಹುಡುಕಿದೆ. ಎಟಿಎಂ ಕಾರ್ಡು, ವಿಶ್ವವಿದ್ಯಾಲಯದ ಗುರುತಿನ ಚೀಟಿ, ಬಸ್ ಪಾಸು ಎಲ್ಲ ಅದರಲ್ಲೇ. ಅಪ್ಪನಿಗೆ ಫೋನ್ ಮಾಡಲು ಮನಸ್ಸಾಗಲಿಲ್ಲ. ಅವನೂ ಆ ದಿನ ಬ್ಯಾಂಕಿನ ಮುಂದೆ ನಿಂತು ಬರಿಗೈಲಿ ವಾಪಸ್ ಬಂದಿದ್ದ. ರಾತ್ರಿಯೆಲ್ಲ ನಿದ್ದೆ ಬರಲಿಲ್ಲ.

ಭಾನುವಾರ ಮಧ್ಯಾಹ್ನ ಊಟಕ್ಕೆ ಹೋದಾಗ ಖಾನಾವಳಿ ಅಕ್ಕಾರು ರೊಟ್ಟಿ ಬಡಿಸುತ್ತ, "ನಿನ್ನ ಪಾಕೀಟ ಸಿಕ್ಕೈತಂತ ನೋಡಪಾ" ಅಂದರು. ಪಾಕೀಟಿನಲ್ಲಿ ಖಾನಾವಳಿಯ ಊಟದ ಕಾರ್ಡ್ ಇತ್ತಲ್ವಾ, ಅದರ ಮೇಲಿನ ನಂಬರಿಗೆ ಯಾರೋ ಹುಡುಗನ ಕೈಯಲ್ಲಿ ಫೋನ್ ಹಚ್ಚಿಸಿದ್ದಳಂತೆ ಆ ಅಜ್ಜಿ. ಸೋಮವಾರ ಮುಂಜಾನೆ ಮಾರ್ಕೆಟ್ಟಿಗೆ ಬರಬೇಕಂತೆ. ನನಗೆ ತುತ್ತು ಗಂಟಲಲ್ಲಿ ಇಳಿಯಲಿಲ್ಲ.

ಸೋಮವಾರ ಏಳೂವರೆಗೇ ಹೋದೆ. ಗೋಣಿಚೀಲ ಹಾಸಿಕೊಂಡು ಅಜ್ಜಿ ಮೆಂತ್ಯದ ಸಿವುಡಿಗೆ ನೀರು ಚಿಮುಕಿಸುತ್ತಿದ್ದಳು. ಪಕ್ಕದಲ್ಲಿ ಸಾಲಿಯ ಸಮವಸ್ತ್ರ ಹಾಕಿಕೊಂಡ ಪುಟ್ಟ ಹುಡುಗಿ ಕೂತಿತ್ತು. ಅಜ್ಜಿ ಗುರುತಿನ ಚೀಟಿ ತೆಗೆದು ಒಮ್ಮೆ ಫೋಟೋ, ಒಮ್ಮೆ ನನ್ನ ಮುಖ ನೋಡಿದಳು.

"ಎಷ್ಟ ನೋಟ ಇದ್ವು? ಮೊದ್ಲ ಅದನ್ನ ಹೇಳು."

"ಇಪ್ಪತ್ತು ಯವ್ವಾ. ಎಲ್ಲಾ ನೂರರವು."

"ಕೊಡವಾ ಅವಗ" ಅಂದಳು ಮೊಮ್ಮಗಳಿಗೆ. ಹುಡುಗಿ ಪಾಟೀಚೀಲದಿಂದ ನಾಲ್ಕನೇ ಇಯತ್ತೆಯ ಪುಸ್ತಕ ತೆಗೆದು ನನ್ನ ಮುಂದೆ ಹಿಡಿಯಿತು. "ಪುಟ ಹರೀಬ್ಯಾಡ್ರಿ" ಅಂತಲೂ ಹೇಳಿತು.

ತೆರೆದೆ. ಪುಟಕ್ಕೊಂದು ನೂರರ ನೋಟು. ಪಾಕೀಟು ಬುಟ್ಟಿಯ ತಳದವರೆಗೂ ಜಾರಿ, ಸೊಪ್ಪಿನ ನೀರಿಗೆ ಪೂರಾ ನೆನೆದಿತ್ತಂತೆ. ಅಜ್ಜಿ ಒಂದೊಂದೇ ನೋಟು ಬಿಡಿಸಿ, ಅರಿವೆಯಿಂದ ಒತ್ತಿ, ಪುಸ್ತಕದೊಳಗೆ ಇಟ್ಟು ಮೇಲೊಂದು ಗುಂಡುಕಲ್ಲು ಹೇರಿದ್ದಳು. ನಾನು ಪುಟ ತಿರುವುತ್ತ ಹೋದಂತೆ ಹುಡುಗಿ ಎಣಿಸುತ್ತಿತ್ತು. ಕೆಲವು ಪುಟದ ಚಿತ್ರಗಳ ಮೇಲೆ ಸೊಪ್ಪಿನ ಹಸಿರು ಕಲೆ ಬಿದ್ದಿತ್ತು. ಹದಿನೆಂಟು, ಹತ್ತೊಂಬತ್ತು, ಇಪ್ಪತ್ತು. ನೋಟಿಗೆಲ್ಲ ಮೆಂತ್ಯದ ವಾಸನೆ.

ಎರಡು ನೋಟು ತೆಗೆದು ಅಜ್ಜಿಗೆ ಕೊಡಲು ಹೋದೆ. ಅವಳು ನನ್ನ ಬೆರಳುಗಳನ್ನೇ ಮಡಚಿ ಮುಷ್ಟಿ ಮಾಡಿ ಹಿಂದಕ್ಕೆ ತಳ್ಳಿದಳು. ಅಷ್ಟರಲ್ಲಿ ಒಬ್ಬರು ಬಂದು ಎರಡು ಸಿವುಡು ಸೊಪ್ಪು ತೆಗೆದುಕೊಂಡು ಹಳೆಯ 500ರ ನೋಟು ಚಾಚಿದರು. ಅಜ್ಜಿ ತಲೆ ಅಲ್ಲಾಡಿಸಿದಳು. ಅವರು ಸೊಪ್ಪು ಅಲ್ಲೇ ಇಟ್ಟು ಹೋದರು. ಆಮೇಲೆ ಬಂದವರ ಕೈಯಲ್ಲಿ ಹೊಸ 2,000ದ ನೋಟು. ಹತ್ತು ರೂಪಾಯಿಯ ಸೊಪ್ಪಿಗೆ ಚಿಲ್ಲರೆ ಎಲ್ಲಿಂದ ತರಬೇಕು ಅವಳು?

ಆಗ ನನಗೆ ಹೊಳೆಯಿತು. ಶನಿವಾರ ಸಂಜೆ ನಾನು ಎತ್ತಿದ ಬುಟ್ಟಿ ಖಾಲಿ ಇರಬೇಕಿತ್ತು. ಮಾರಿ ಮುಗಿದು ಮನೆಗೆ ಹೊರಡುವ ಹೊತ್ತು ಅದು. ಅಷ್ಟು ಭಾರ ಇತ್ತು ಅಂದರೆ ಇಡೀ ದಿನ ಏನೂ ಮಾರಿರಲಿಲ್ಲ. ಅಂಥ ದಿನ ಆ ಬುಟ್ಟಿಯ ತಳದಲ್ಲಿ ಅವಳಿಗೆ ಇಪ್ಪತ್ತು ನೂರರ ನೋಟು ಸಿಕ್ಕಿದ್ದವು.

ನಾನು ಏಳುವಾಗ ಅಜ್ಜಿ ಸ್ವಲ್ಪ ತಡವರಿಸಿ ಕೇಳಿದಳು. "ನಿನಗ ಬರೀಲಿಕ್ಕೆ ಬರತೈತಲ್ಲ ತಮ್ಮಾ? ಬ್ಯಾಂಕಿನ್ಯಾಗ ಅದೇನೋ ಫಾರ್ಮ್ ತುಂಬಬೇಕಂತ."

ಬುಧವಾರ ಇಬ್ಬರೂ ಬ್ಯಾಂಕಿಗೆ ಹೋದೆವು. ಆಧಾರ್ ಕಾರ್ಡಿನ ಜೆರಾಕ್ಸ್ ಮಾಡಿಸಿ, ಫಾರ್ಮ್ ತುಂಬಿ ಪಾಳಿಯಲ್ಲಿ ನಿಂತೆವು. ಅಂದು ಒಬ್ಬರಿಗೆ 4,500ರವರೆಗೆ ಹಳೆಯ ನೋಟು ಬದಲಿಸಿ ಕೊಡುತ್ತಿದ್ದರು. ಎಷ್ಟು ಅಂತ ಬರೆಯಲಿ ಎಂದು ಕೇಳಿದ್ದಕ್ಕೆ ಅಜ್ಜಿ ಎಲೆಅಡಿಕೆ ಚೀಲದ ಒಳಪದರದಿಂದ ನೋಟು ತೆಗೆದಿದ್ದಳು. ಆರು ನೋಟು, ಎಲ್ಲ 500ರವು. ಬೇಸಿಗೆಯಿಂದ ಕೂಡಿಟ್ಟದ್ದಂತೆ. ಸಣ್ಣದಾಗಿ ಮಡಚಿ ಮಡಚಿ ಅಂಚು ಸವೆದಿದ್ದವು.

ನನಗೆ ತಡೆಯಲಾಗಲಿಲ್ಲ. "ಯವ್ವಾ, ನನ್ನ ನೋಟು ಎರಡು ರಾತ್ರಿ ನಿನ್ನ ಮನ್ಯಾಗ ಇದ್ವಲ್ಲ. ಇದರಾಗ ನಾಕು ಅಲ್ಲಿಟ್ಟು, ಅವನ್ನ ನೀ ತಗೋಬಹುದಿತ್ತು. ಲೆಕ್ಕ ಸರಿ ಇರತಿತ್ತು. ನಾನೂ ಏನೂ ಅಂತಿರಲಿಲ್ಲ."

ಅಜ್ಜಿ ನನ್ನನ್ನೇ ನೋಡಿದಳು. "ಹಂಗ ಮಾಡಿದ್ರ ಈ ಪಾಳಿಯೊಳಗ ನೀ ನಿಂದರಬೇಕಾಗತಿತ್ತಲ್ಲೋ. ಪರೀಕ್ಷಾ ಬ್ಯಾರೆ ಅದಾವ ಅಂತಿ."

ಬಿಸಿಲು ಏರಿತ್ತು. ಪಾಳಿ ಒಂದು ಹೆಜ್ಜೆ ಮುಂದೆ ಸರಿಯಿತು. ಅಜ್ಜಿ ಸೆರಗಿನ ಒಂದು ತುದಿ ತನ್ನ ತಲೆ ಮೇಲೆ ಎಳೆದುಕೊಂಡು, ನನ್ನನ್ನು ಗೋಡೆಯ ನೆರಳಿನ ಕಡೆ ನಿಲ್ಲಿಸಿದಳು.