ಕೆಳಗಿನ ಮಡಿಯಲ್ಲಿ ಡಯಂಚಾ

20 ಜುಲೈ 2025, ಭಾನುವಾರ

ಇಂದು ಕೆಳಗಿನ ಎರಡು ಎಕರೆಯಲ್ಲಿ ಹಸಿರೆಲೆ ಗೊಬ್ಬರಕ್ಕೆಂದು ಬಿತ್ತಿದ್ದ ಡಯಂಚಾ ಗಿಡಗಳನ್ನು ಮಣ್ಣಿಗೆ ಸೇರಿಸಿದೆವು. ಸೊಂಟದೆತ್ತರ ಬೆಳೆದಿತ್ತು, ಹೂವು ಇನ್ನೂ ಕಾಣಿಸಿರಲಿಲ್ಲ. ಹೂ ಬಿಡುವವರೆಗೆ ಕಾದರೆ ಕಾಂಡ ನಾರಾಗಿ ಬೇಗ ಕೊಳೆಯುವುದಿಲ್ಲ. ರೋಟಾವೇಟರ್ ಓಡಿಸುವ ಹುಡುಗ, "ಇಷ್ಟು ಹಸಿರನ್ನು ದನಗಳಿಗೆ ಹಾಕಬಾರದಿತ್ತೇ ಕಾಕಾ?" ಎಂದು ಕೇಳಿದ. ಕಾಕಾ ಉತ್ತರಿಸದೆ ಮೂಲೆಯ ಬರಿ ನೆಲವನ್ನು ತೋರಿಸಿದರು. ಅಲ್ಲಿ ಡಯಂಚಾ ಕೂಡ ಹುಟ್ಟಿರಲಿಲ್ಲ.

ಬಯಲುಸೀಮೆಯಲ್ಲಿ ನೀರು ಹೆಚ್ಚಾಗಿ ಹೊಲ ಕೆಟ್ಟಿತು ಎಂದರೆ ಬೆಂಗಳೂರಿನ ನೆಂಟರು ನಗುತ್ತಾರೆ. ಸಿಂಧನೂರು, ಗಂಗಾವತಿ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದಾಗ ಎಡದಂಡೆಯ ಬಹುಪಾಲು ಭೂಮಿಗೆ ಎಣಿಸಿದ್ದು ಜೋಳ, ಹತ್ತಿಯಂತಹ ಕಡಿಮೆ ನೀರಿನ ಬೆಳೆಗಳನ್ನು. ಬಂದದ್ದು ಭತ್ತ, ಅದೂ ಕಾಲುವೆಯ ಮೇಲ್ಭಾಗದಲ್ಲಿ ವರ್ಷಕ್ಕೆರಡು ಬೆಳೆ. ಎರೆ ಮಣ್ಣು ನೀರನ್ನು ಸುಲಭಕ್ಕೆ ಬಸಿಯಲು ಬಿಡುವುದಿಲ್ಲ. ಒಳಗಿನ ನೀರು ಮೇಲೇರುತ್ತದೆ, ಬೇಸಿಗೆಯಲ್ಲಿ ಆರಿಹೋಗುತ್ತದೆ, ಹೊತ್ತು ತಂದ ಉಪ್ಪು ಮಾತ್ರ ನೆಲದ ಮೇಲೆ ಉಳಿಯುತ್ತದೆ. ಮೊದಲು ನೀರು ನಿಂತ ಜವಳು, ಆಮೇಲೆ ಉಪ್ಪೇರಿದ ಸವಳು.

ಸವಳು ಎಂದ ಕೂಡಲೇ ಅಂಗಡಿಯವರು ಜಿಪ್ಸಂ ಚೀಲ ಎತ್ತಿಡುತ್ತಾರೆ. ನನಗೆ ಇದು ಸಿಟ್ಟು ತರಿಸುತ್ತದೆ. ಬೆಳ್ಳಗೆ ಉಪ್ಪು ಹೊಮ್ಮಿದ ನೆಲಕ್ಕೆ ಮುಖ್ಯವಾಗಿ ಬೇಕಾದದ್ದು ಒಳ್ಳೆಯ ನೀರು ನಿಲ್ಲಿಸಿ ಬಸಿದು ತೆಗೆಯುವುದು. ರಸಸಾರ (ಪಿಎಚ್) 8.5 ದಾಟಿದ, ಒಣಗಿದರೆ ಕಲ್ಲಾಗುವ, ನೆನೆದರೆ ರಾಡಿಯಾಗುವ ಕ್ಷಾರ ನೆಲದ ರೋಗವೇ ಬೇರೆ. ಅಲ್ಲಿ ಜೇಡಿ ಕಣಗಳಿಗೆ ಸೋಡಿಯಂ ಅಂಟಿಕೊಂಡಿರುತ್ತದೆ. ಜಿಪ್ಸಂನ ಕ್ಯಾಲ್ಸಿಯಂ ಅದನ್ನು ಕದಲಿಸಿ ತಾನು ಆ ಜಾಗ ಹಿಡಿಯುತ್ತದೆ. ಕದಲಿದ ಸೋಡಿಯಂ ನೀರಿನೊಡನೆ ಹೊಲದಾಚೆ ಹೋಗಬೇಕು. ದಾರಿಯಿಲ್ಲದಿದ್ದರೆ ಚೀಲಕ್ಕೆ ಕೊಟ್ಟ ದುಡ್ಡು ದಂಡ. ಮಣ್ಣು ಪರೀಕ್ಷೆ ಮಾಡಿಸದೆ ಯಾವ ನೆಲ ಯಾವುದೆಂದು ಹೇಳುವುದು ಕಷ್ಟ.

ಡಯಂಚಾ ಮಾಡುವ ಕೆಲಸ ಗೊಬ್ಬರಕ್ಕಿಂತ ದೊಡ್ಡದು. ನಮ್ಮ ಎರೆಯಲ್ಲಿ ಸುಣ್ಣದ ಹರಳು ಬೇಕಾದಷ್ಟಿದೆ, ಆದರೆ ಕರಗದೆ ಕುಳಿತಿದೆ. ಬೇರು ಉಸಿರಾಡಿ, ಸೊಪ್ಪು ಕೊಳೆತು ಇಂಗಾಲದ ಡೈಆಕ್ಸೈಡ್ ಹೊರಬಂದಾಗ ಆ ಸುಣ್ಣ ತುಸು ಕರಗಿ ಕ್ಯಾಲ್ಸಿಯಂ ಬಿಡುತ್ತದೆ. ಹೊಲದಲ್ಲೇ ಇರುವ ಮದ್ದು ಇದು. ಬೇರು ಹೋದ ಹಾದಿಯಲ್ಲಿ ನೀರೂ ಇಳಿಯುತ್ತದೆ. ಕಾಲುವೆ ಬದಿಗೆ ಹೊಂಗೆ, ಕರಿಜಾಲಿ ಹಚ್ಚಿದ್ದೂ ಜಿನುಗುವ ನೀರನ್ನು ಅವು ಹೀರಲಿ ಎಂದೇ. ಬಳ್ಳಾರಿ ಜಾಲಿ ಇವೆರಡಕ್ಕಿಂತ ಗಟ್ಟಿ, ಎಂಥ ಕ್ಷಾರದಲ್ಲೂ ಚಿಗುರುತ್ತದೆ. ಆದರೆ ಒಮ್ಮೆ ಕಾಲಿಟ್ಟರೆ ಹೊಲ ನಮ್ಮದಾಗಿ ಉಳಿಯುವುದಿಲ್ಲ, ಹಾಗಾಗಿ ಕಾಕಾ ಅದರ ಹೆಸರೆತ್ತಲೂ ಬಿಡುವುದಿಲ್ಲ.

ಇಷ್ಟಾದರೂ ಆ ಮೂಲೆ ಬರಿದು. ಮೇಲಿನ ಮಡಿಯ ಭತ್ತದ ನೀರು ನೇರ ಅಲ್ಲಿಗೇ ಜಿನುಗುತ್ತದೆ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ನೆಲದೊಳಗೆ ತೂತಿನ ಪೈಪು ಹೂಳಿ ಉಪ್ಪುನೀರು ಬಸಿಯುವ ವಿಧಾನದ ಮೇಲೆ ಕೆಲಸ ನಡೆದಿದೆ. ನಾವು ಪೈಪು ಹೂಳಬಹುದು, ಅದರ ನೀರನ್ನು ಎಲ್ಲಿಗೆ ಬಿಡುವುದು? ಹಳ್ಳಕ್ಕೆ ಹೋಗುವ ಬಸಿಗಾಲುವೆಯನ್ನು ಕೆಳಗಿನವರು ತಮ್ಮ ಮಡಿಗೆ ಸೇರಿಸಿಕೊಂಡು ಅದರಲ್ಲೂ ಭತ್ತ ಹಾಕುತ್ತಿದ್ದಾರೆ. ಸವಳು ಸರ್ವೆ ನಂಬರ್ ನೋಡಿ ನಿಲ್ಲುವುದಿಲ್ಲ. ನಮ್ಮದು ಮುಗಿದ ಮೇಲೆ ಅವರ ಸರದಿಯೇ.

ಸಂಜೆ ಕಾಕಾ ಹೋಗಿ ಮಾತನಾಡಿ ಬಂದರು. "ಸುಗ್ಗಿ ಮುಗಿಯಲಿ, ನೋಡೋಣ" ಎಂದರಂತೆ. ಸುಗ್ಗಿಯೆಂದರೆ ಡಿಸೆಂಬರ್. ಅಷ್ಟರೊಳಗೆ ಬಸಿಗಾಲುವೆ ಮತ್ತೆ ತೋಡಿಸುವ ಜೆಸಿಬಿ ಬಾಡಿಗೆಯಲ್ಲಿ ಯಾರ ಪಾಲು ಎಷ್ಟೆಂದು ಬರೆದಿಡಬೇಕು. ಹಣದ ಮಾತು ಮೊದಲೇ ಮುಗಿದಿದ್ದರೆ ನೆಪಗಳು ಅರ್ಧಕ್ಕಿಳಿಯುತ್ತವೆ.